ಎರಡನೇ ಚೇಂಬರಿನ ಹಬೆ

ಗಂಗಲಕ್ಷ್ಮಿಗೆ ಹೆದರಿಕೆ ಹುಟ್ಟುಗುಣ. ಮನೆಗೆ ಬೀಗ ಹಾಕಿ ಬಸ್‌ಸ್ಟಾಪಿನವರೆಗೆ ಹೋದವಳು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸ್ ಬರುತ್ತಿದ್ದಳು. ತೆಂಗಿನ ಮರದ ಕೆಳಗೆ ಮಕ್ಕಳು ಆಡುತ್ತಿದ್ದರೆ, ಯಾರ ಮಕ್ಕಳಾದರೂ ಸರಿ, ರಟ್ಟೆ ಹಿಡಿದು ಈಚೆಗೆ ಎಳೆದು ನಿಲ್ಲಿಸುತ್ತಿದ್ದಳು. "ನಮ್ಮ ಸೊಸೆ ಉಸಿರಾಡಾಕೂ ಹೆದರ್ಕೋತಾಳೆ" ಎಂದು ಅತ್ತೆ ಮರಿಯಮ್ಮ ಅರಳಗುಪ್ಪೆಯ ಬೀದಿಯಲ್ಲಿ ಹೇಳಿಕೊಂಡು ನಗುತ್ತಿದ್ದರು. ಇಂಥವಳು ಬಾಯ್ಲರ್ ಇರುವ ಜಾಗಕ್ಕೆ ಕೆಲಸಕ್ಕೆ ಸೇರಿದ್ದು ಊರಿನವರಿಗೆಲ್ಲ ಸೋಜಿಗವಾಗಿತ್ತು.

ಅವಳು ಸೇರಿದ್ದು ಗಂಡನ ಮೇಲೆ ಕಣ್ಣಿಡುವುದಕ್ಕೆ. ಗಂಡ ರಂಗರಾಜು ತಿಪಟೂರಿನ ಒಂದು ಕಾಯಿಪುಡಿ ಕಾರ್ಖಾನೆಯಲ್ಲಿ ಹಬೆ ಪೈಪುಗಳ ಕೆಲಸ ಕಲಿತವನು. ಕೊಬ್ಬರಿ ವ್ಯಾಪಾರದ ಏಕಾಂತಯ್ಯನವರು ತುರುವೇಕೆರೆ ರಸ್ತೆಯಲ್ಲಿ ಮರ ಒಣಗಿಸುವ ಘಟಕ ಹಾಕಿದಾಗ, ಅಲ್ಲಿನ ಪೈಪು, ವಾಲ್ವುಗಳನ್ನೆಲ್ಲ ನೋಡಿಕೊಳ್ಳಲು ಅವನನ್ನೇ ಕರೆದರು. ಬಾಯ್ಲರಿಗೆ ಉರಿ ತೆಂಗಿನ ಚಿಪ್ಪಿನದು. ಚಿಪ್ಪು ಹೊತ್ತು ಹಾಕಲು ಆಳು ಬೇಕೆಂದಾಗ ಗಂಗಲಕ್ಷ್ಮಿ ಸೆರಗು ಕಟ್ಟಿಕೊಂಡು ಹೋಗಿ ನಿಂತಳು. ಮನೆಯಲ್ಲಿ ಕೂತು ಏನಾಯಿತೋ ಎಂದು ಕೊರಗುವುದಕ್ಕಿಂತ ಎದುರಿಗೇ ಇದ್ದು ನೋಡುವುದು ಮೇಲು ಎಂಬುದು ಅವಳ ಲೆಕ್ಕ.

ಆ ಘಟಕದಲ್ಲಿ ಎರಡು ದೊಡ್ಡ ಕೋಣೆಗಳಿವೆ. ಎಲ್ಲರೂ ಚೇಂಬರ್ ಎನ್ನುತ್ತಾರೆ. ಹಸಿ ಮರವನ್ನು ಬಿಸಿಲಿಗೆ ಬಿಟ್ಟರೆ ಸೀಳುತ್ತದೆ, ಸೊಟ್ಟಗಾಗುತ್ತದೆ. ಅದಕ್ಕೇ ಬಾಗಿಲು, ಕಿಟಕಿಗೆಂದು ಕೊಯ್ದ ಹಲಗೆಗಳನ್ನು ನಡುನಡುವೆ ಸಂದು ಬಿಟ್ಟು ಪೇರಿಸಿ, ಚೇಂಬರಿನೊಳಗೆ ತಳ್ಳಿ, ಬಾಗಿಲು ಹಾಕಿ, ಹದವಾಗಿ ಬಿಸಿ ಕೊಡುತ್ತಾರೆ. ಗೋಡೆಯ ಉದ್ದಕ್ಕೂ ಇರುವ ಕಬ್ಬಿಣದ ಕೊಳವೆಗಳಲ್ಲಿ ಹಬೆ ಓಡುತ್ತದೆ. ಬಿಸಿ ಕೊಟ್ಟು ತಣ್ಣಗಾದ ಹಬೆ ನೀರಾಗುತ್ತದೆ. ಆ ನೀರನ್ನು ಮಾತ್ರ ಹೊರಗೆ ಬಿಟ್ಟು ಹಬೆಯನ್ನು ಒಳಗೇ ತಡೆಯಲು ಕೊನೆಯಲ್ಲೊಂದು ಪುಟ್ಟ ಡಬ್ಬಿ ಇದೆ, ಅದಕ್ಕೆ ಟ್ರ್ಯಾಪ್ ಎಂದು ಹೆಸರು. ಎರಡೂ ಚೇಂಬರಿನ ಟ್ರ್ಯಾಪುಗಳಿಂದ ಹೊರಬಿದ್ದ ನೀರು ಒಂದೇ ಪೈಪು ಸೇರಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ.

ಚಿಪ್ಪು ಹೊರುತ್ತ ಹೊರುತ್ತ ಗಂಗಲಕ್ಷ್ಮಿ ಇದನ್ನೆಲ್ಲ ನೋಡಿಕೊಂಡಳು. ಮೊದಲು ಗಂಡನಿಗೆ ಸ್ಪ್ಯಾನರ್ ಎತ್ತಿಕೊಟ್ಟಳು, ಆಮೇಲೆ ಪೈಪಿಗೆ ಹೊದಿಸಿದ ಬಟ್ಟೆ ಹರಿದಲ್ಲಿ ಹೊಲಿದಳು, ಆಮೇಲೆ ಟ್ರ್ಯಾಪ್ ಬಿಚ್ಚಿ ತುಕ್ಕು ತೊಳೆದು ಮತ್ತೆ ಕೂರಿಸುವುದನ್ನೂ ಕಲಿತಳು. ಗಂಡ ದೊಡ್ಡ ದನಿಯವನು, ನಗುವವನು, ಬಿಸಿ ಪೈಪನ್ನು ಬರಿಗೈಯಲ್ಲಿ ತಟ್ಟಿ ನೋಡುವವನು. ಇವಳು ಪ್ರತಿ ಬೋಲ್ಟನ್ನೂ ಎರಡು ಸಲ ತಿರುವಿ ನೋಡುವವಳು. ಇಬ್ಬರ ಕೆಲಸವೂ ಸೇರಿ ಒಂದು ಹದವಾಗಿತ್ತು.

ಅವಳಿಗೆ ತಡೆಯಲಾಗದ ಹೆದರಿಕೆ ಎಂದರೆ ಗಂಡ ಚೇಂಬರಿನೊಳಗೆ ಹೋಗುವುದು. ಒಂದು ಚೇಂಬರಿನಲ್ಲಿ ಮರ ಬೇಯುತ್ತಿರುವಾಗಲೇ ಪಕ್ಕದ ಚೇಂಬರಿನ ಕೊಳವೆ ರಿಪೇರಿ ಮಾಡಬೇಕಾಗುತ್ತಿತ್ತು. ಕೊಳವೆಗೂ ಗೋಡೆಗೂ ನಡುವೆ ಮೈ ಉಜ್ಜಿಕೊಂಡು ಹೋಗುವಷ್ಟೇ ಜಾಗ. ಒಳಗೆ ಹೋದವನಿಗೂ ಹಬೆಗೂ ನಡುವೆ ಇರುವುದು ಒಂದೇ ವಾಲ್ವ್. ಅದಕ್ಕೆ ಗಂಗಲಕ್ಷ್ಮಿ ಒಂದು ಪದ್ಧತಿ ಮಾಡಿದ್ದಳು. ವಾಲ್ವ್ ಮುಚ್ಚಿದ ಮೇಲೆ ಅದರ ಮುಂದಿನ ಜೋಡಣೆ ಬಿಚ್ಚಿ, ನಡುವೆ ಒಂದು ದಪ್ಪ ಕಬ್ಬಿಣದ ಬಿಲ್ಲೆ ಸೇರಿಸಿ ಬಿಗಿಯಬೇಕು. ವಾಲ್ವಿನ ಚಕ್ರವನ್ನೂ ಕಳಚಿ ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು.

"ನಿನ್ ಕಾಟಕ್ಕೆ ಅರ್ಧ ದಿನ ಬಿಲ್ಲೆ ಹಾಕೋದ್ರಲ್ಲೇ ಹೋಯ್ತದೆ ಕಣೇ" ಎಂದು ರಂಗರಾಜು ಗೊಣಗುತ್ತಿದ್ದ.

"ಹೋಗ್ಲಿ ಬುಡಿ. ಅರ್ಧ ದಿನ ತಾನೆ ಹೋಗೋದು" ಎನ್ನುತ್ತಿದ್ದಳು.

ಆ ಸಲದ ಕಾರ್ತೀಕ ಮಾಸದಲ್ಲಿ ಎರಡನೇ ಚೇಂಬರಿನ ಕೊಳವೆ, ಕೆಳಗಡೆ ಕೊನೆಯ ಜೋಡಣೆಯಲ್ಲಿ ಸೋರತೊಡಗಿತು. ಮೊದಲನೇ ಚೇಂಬರಿನಲ್ಲಿ ಸಿಲ್ವರ್ ಓಕ್ ಹಲಗೆಗಳಿದ್ದವು. ಚಳಿ, ಮೋಡ ಬೇರೆ. ಬಿಸಿ ಏರುತ್ತಲೇ ಇರಲಿಲ್ಲ. ಏಕಾಂತಯ್ಯನವರು ತಿಪಟೂರಿನ ಮಾರುಕಟ್ಟೆಯಿಂದ ಮತ್ತೆ ಮತ್ತೆ ಫೋನ್ ಮಾಡಿ ಬಾಯ್ಲರ್ ನೋಡಿಕೊಳ್ಳುವ ಮಲ್ಲೇಶನನ್ನು ವಿಚಾರಿಸುತ್ತಿದ್ದರು. ಮಲ್ಲೇಶ ಮಾಯಸಂದ್ರದವನು, ಮದುವೆಯಾಗಿ ಇನ್ನೂ ವರ್ಷ ತುಂಬದ ಮೆತ್ತಗಿನ ಮನುಷ್ಯ. ಸಾವ್ಕಾರರ ದನಿ ಏರಿದರೆ ಅವನ ಕೈಕಾಲು ಆಡುತ್ತಿರಲಿಲ್ಲ.

ಬೆಳಗಿನ ತಿಂಡಿಯಾದ ಮೇಲೆ ಗಂಡ ಹೆಂಡಿರಿಬ್ಬರೂ ಬಿಲ್ಲೆ ಹಾಕಿ ಬಿಗಿದರು. ಗಂಗಲಕ್ಷ್ಮಿ ಚಕ್ರ ಕಳಚಿಕೊಂಡಳು. ಮಲ್ಲೇಶನಿಗೆ ಕೇಳುವಂತೆ, "ಇವ್ರು ಒಳಕ್ಕೆ ಹೋಯ್ತಾವ್ರೆ. ಎರಡನೇದರ ಹಬೆ ಹತ್ರ ಯಾರೂ ಬರ್ಬ್ಯಾಡಿ ಕಣಪ್ಪ" ಎಂದು ಕೂಗಿದಳು.

"ಇಲ್ಲ ಕಣಕ್ಕ, ಅದರ ತಂಟೆಗೆ ಹೋಗಲ್ಲ" ಎಂದ ಮಲ್ಲೇಶ.

ರಂಗರಾಜು ಹಳೆಯ ಗೋಣಿಚೀಲ ಹಾಸಿಕೊಂಡು ಒಳಗೆ ತೆವಳಿದ. ಬೋಲ್ಟು ಸಡಿಲವಾಗುವ ಕಿರಕಿರ ಸದ್ದು, ಅವನು ಸಿನಿಮಾ ಹಾಡು ಗುನುಗುವುದು ಎರಡೂ ಹೊರಗೆ ಕೇಳುತ್ತಿದ್ದವು. ಹಾಡು ನಿಂತರೆ ಇವಳು "ರೀ" ಎನ್ನುವಳು. ಅವನು "ಇದೀನಿ ಕಣೇ, ಸತ್ತಿಲ್ಲ" ಎನ್ನುವನು.

ಅಷ್ಟರಲ್ಲಿ ಎಲ್ಲೋ ನೆಲದ ಹತ್ತಿರ ಪೈಪಿನೊಳಗೆ ಸುತ್ತಿಗೆಯಲ್ಲಿ ಹೊಡೆದಂತೆ ಟಣ್ ಟಣ್ ಎಂದಿತು. ಗಂಗಲಕ್ಷ್ಮಿ ಬಿಲ್ಲೆಯ ಕಡೆ ತಿರುಗಿ ನೋಡಿದಳು. ಬಿಲ್ಲೆ ಬಿಗಿಯಾಗಿತ್ತು, ಒಂದು ಹನಿಯೂ ಇರಲಿಲ್ಲ. ಚಕ್ರ ಮಡಿಲಲ್ಲೇ ಇತ್ತು. ಅವಳು ಇನ್ನೂ ಅದನ್ನೇ ನೋಡುತ್ತಿದ್ದಾಗ ಚೇಂಬರಿನೊಳಗಿಂದ ಗಂಡ ಕಿರುಚಿದ.

ಬೆಳ್ಳನೆಯ ಹಬೆ ಬಾಗಿಲವರೆಗೂ ಬಂದಿತ್ತು. ಅವಳಿಗೆ ಒಳಗೆ ಹೋದದ್ದು ನೆನಪಿಲ್ಲ. ಕಾಲೊಂದು ಸಿಕ್ಕಿತು, ಎಳೆದಳು. ಅವಳ ಕೂಗಿಗೆ ಓಡಿಬಂದ ಮಲ್ಲೇಶ ಇನ್ನೊಂದು ಕಾಲು ಹಿಡಿದ. ಇಬ್ಬರೂ ಅವನನ್ನು ಹೊರಗೆ ಎಳೆದು ಹಾಕಿ, ಬೋರ್‌ವೆಲ್ಲಿನ ಪೈಪು ತಂದು ಮೈಮೇಲೆ ನೀರು ಬಿಟ್ಟರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. "ಅದನ್ನ ಕೀಳ್ಬ್ಯಾಡ, ನೀರು ಬಿಡು, ನೀರು ಬಿಡು" ಎಂದು ಅವಳು ಹೇಳುತ್ತಲೇ ಇದ್ದಳು. ಗೂಡ್ಸ್ ಆಟೋದಲ್ಲಿ ಒದ್ದೆ ಬೆಡ್‌ಶೀಟ್ ಹಾಸಿ ಮಗ್ಗುಲಾಗಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು. ದಾರಿಯುದ್ದಕ್ಕೂ ರಂಗರಾಜು ಒಂದೇ ಮಾತು ಕೇಳುತ್ತಿದ್ದ. "ಎಲ್ಲಿಂದ ಬಂತು? ಎಲ್ಲಿಂದ ಬಂತು ಲಕ್ಷ್ಮೀ?"

ಅದು ಎಲ್ಲಿಂದ ಬಂತು ಎನ್ನುವುದು ಆಸ್ಪತ್ರೆಯ ವರಾಂಡದಲ್ಲಿ ಕೂತ ಮಲ್ಲೇಶನ ಬಾಯಿಂದ ತಿಳಿಯಿತು. ಅವನು ಎರಡನೇ ಚೇಂಬರಿನ ತಂಟೆಗೆ ಹೋಗಿರಲಿಲ್ಲ. ಮೊದಲನೇದರೊಳಗೆ ನಿಂತ ನೀರು ಬೇಗ ಹೊರಹೋಗಿ ಅದು ಬಿಸಿಯಾಗಲೆಂದು, ಅದರ ಟ್ರ್ಯಾಪನ್ನು ಬಿಟ್ಟು ಪಕ್ಕದಿಂದ ಸುತ್ತಿ ಹೋಗುವ ಅಡ್ಡಪೈಪಿನ ವಾಲ್ವ್ ತೆರೆದಿದ್ದ. ಹಿಂದೆಯೂ ಅವನು ಹಾಗೆ ಮಾಡಿದ್ದುಂಟು, ಏನೂ ಆಗಿರಲಿಲ್ಲ. ಆದರೆ ಅವತ್ತು ನೀರಿನ ಜೊತೆಗೆ ಹಬೆಯೂ ವಾಪಸ್ ಪೈಪಿಗೆ ನುಗ್ಗಿತು. ಆ ಪೈಪು ಎರಡೂ ಚೇಂಬರಿಗೆ ಒಂದೇ. ಟ್ಯಾಂಕಿನ ಕಡೆ ಹೋಗಬೇಕಾದ ಹಬೆ, ತೆರೆದ ದಾರಿ ಸಿಕ್ಕ ಕಡೆಗೆ ತಿರುಗಿ, ಹಿಂದಿನಿಂದ ಬಂದದ್ದನ್ನು ತಡೆಯಲಾರದ ಟ್ರ್ಯಾಪನ್ನು ದಾಟಿ, ಎರಡನೇ ಚೇಂಬರಿನ ಕೊಳವೆಯೊಳಕ್ಕೆ ಏರಿತು. ಅಲ್ಲಿ ರಂಗರಾಜು ಆಗಷ್ಟೇ ಜೋಡಣೆ ಬಿಚ್ಚಿದ್ದ.

ಗಂಗಲಕ್ಷ್ಮಿ ಗೋಡೆಗೆ ಒರಗಿ ಕೇಳಿದಳು. ಬೈಯಲಿಲ್ಲ. ತಾನು ಮುಂಬಾಗಿಲು ಕಾದುಕೊಂಡು ಕೂತಿದ್ದೆ, ಹಿತ್ತಲ ಬಾಗಿಲು ಇದೆ ಎನ್ನುವುದೇ ಹೊಳೆಯಲಿಲ್ಲ ಎಂದುಕೊಂಡಳು. ಇಷ್ಟು ವರ್ಷ ಹೆದರಿ ಹೆದರಿ ಕಾದಿದ್ದು ಏನನ್ನು? ಮಲ್ಲೇಶನ ಅಂಗೈಗಳಲ್ಲೂ ಬೊಬ್ಬೆ ಎದ್ದಿದ್ದನ್ನು ನರ್ಸ್ ನೋಡಿ ಕರೆದುಕೊಂಡು ಹೋದರು. ಮಾರನೇ ದಿನದಿಂದ ಅವನು ಕೆಲಸಕ್ಕೂ ಬರಲಿಲ್ಲ, ಆಸ್ಪತ್ರೆಗೂ ಬರಲಿಲ್ಲ, ಫೋನೂ ಎತ್ತಲಿಲ್ಲ.

ರಂಗರಾಜುವಿಗೆ ಬೆನ್ನು, ಎಡ ಭುಜ, ಮೊಣಕೈವರೆಗೆ ಸುಟ್ಟಿತ್ತು. ಸ್ಪ್ಯಾನರ್ ತೆಗೆದುಕೊಳ್ಳಲು ಪಕ್ಕಕ್ಕೆ ತಿರುಗಿದ್ದರಿಂದ ಮುಖ ಉಳಿದಿತ್ತು. "ಕಣ್ಣು ಉಳಿದಿದ್ದೇ ದೊಡ್ಡದಮ್ಮ" ಎಂದರು ಡಾಕ್ಟರು. ಡ್ರೆಸಿಂಗ್ ಬದಲಿಸುವಾಗ ರಂಗರಾಜು ಹಲ್ಲು ಕಚ್ಚಿ ಅವಳ ಬಳೆ ಹಿಡಿದುಕೊಳ್ಳುತ್ತಿದ್ದ. ಜ್ವರ ಬಂದಾಗಲೆಲ್ಲ ಅವಳು ಡಾಕ್ಟರ ಮುಖ ನೋಡುವಳು, ಆ ಮುಖದಲ್ಲಿ ಏನೂ ತಿಳಿಯದೆ ನರ್ಸಮ್ಮನ ಮುಖ ನೋಡುವಳು. ಅತ್ತೆ ಮರಿಯಮ್ಮ ಮಾತ್ರ ದಿನಾ ಮುದ್ದೆ, ಸಪ್ಪೆ ಸಾರು ತಂದು, "ತಿನ್ನೇ. ನೀನೂ ಮಲಕ್ಕಂಡ್ರೆ ನಾನೊಬ್ಳು ಯಾರನ್ನ ನೋಡ್ಲಿ" ಎಂದು ಗದರಿ ಉಣ್ಣಿಸಿ ಹೋಗುತ್ತಿದ್ದರು. ಸೊಸೆಯ ಹೆದರಿಕೆಯ ಬಗ್ಗೆ ಅವರು ಮತ್ತೆಂದೂ ನಗಲಿಲ್ಲ.

ಏಕಾಂತಯ್ಯನವರು ನೋಡಲು ಬಂದಾಗ ತಲೆ ತಗ್ಗಿಸಿ ನಿಂತರು. "ಏನಾಗ್ಬೇಕು ಹೇಳಮ್ಮ. ನಾನೂ ಅವನಿಗೆ ಸುಮ್ನೆ ಫೋನ್ ಮಾಡಿ ಮಾಡಿ ತಲೆ ಕೆಡಿಸ್ದೆ."

"ಎರಡನೇದನ್ನ ಮುಚ್ಚಿಡಿ ಸಾವ್ಕಾರ್ರೇ. ವಾಪಸ್ ಪೈಪಿಗೆ ಎರಡು ಕಡೆಗೂ ಬೇರೆ ಬೇರೆ ವಾಲ್ವ್ ಹಾಕೋಗಂಟ ಅದ್ರೊಳಕ್ಕೆ ಯಾರ್ನೂ ಬಿಡ್ಬ್ಯಾಡಿ. ನಿಮ್ಮ ದಮ್ಮಯ್ಯ."

"ಮುಚ್ಚಿಸ್ತೀನಿ" ಎಂದರು ಏಕಾಂತಯ್ಯ. ಮುಚ್ಚಿಸಿದರು ಕೂಡ. ವಾಲ್ವುಗಳೂ ಬಂದವು.

ಬೇಸಿಗೆ ಹೊತ್ತಿಗೆ ರಂಗರಾಜು ಓಡಾಡುವಂತಾದ. ಚರ್ಮ ಬಿಗಿದು ಎಡಗೈ ಪೂರ್ತಿ ಮೇಲೆ ಏಳುತ್ತಿರಲಿಲ್ಲ. ಆದರೂ ಕೆಲಸಕ್ಕೆ ಹೋಗಲೇಬೇಕೆಂದು ಹಟ ಹಿಡಿದ. ಎರಡನೇ ಚೇಂಬರಿನ ಆ ಜೋಡಣೆ ಇನ್ನೂ ಬಿಚ್ಚಿದ ಹಾಗೇ ಇತ್ತು. ಹೊರಗಿನ ಫಿಟ್ಟರ್ ಒಬ್ಬ ಬಂದು, ಒಳಗಿನ ಸಂದಿ ನೋಡಿ, ತನ್ನ ಹೊಟ್ಟೆ ನೋಡಿಕೊಂಡು, "ಗೋಡೆ ಒಡೆದ್ರೆ ಆಯ್ತದೆ" ಎಂದು ಹೇಳಿ ಹೋಗಿದ್ದ.

ರಂಗರಾಜು ಚೇಂಬರಿನ ಬಾಗಿಲಲ್ಲಿ ನಿಂತ. ಒಂದು ಕಾಲು ಒಳಗಿಟ್ಟ. ಅಲ್ಲೇ ನಿಂತ. ಕತ್ತಿನಿಂದ ಬೆವರು ಇಳಿಯುತ್ತಿದ್ದುದನ್ನು ಗಂಗಲಕ್ಷ್ಮಿ ನೋಡಿದಳು. "ಗ್ಯಾಸ್ಕೆಟ್ ಮರೆತ್ಬಂದೆ, ತತ್ತೀನಿ" ಎಂದು ಅವನು ತಿರುಗಿ ಹೊರಟ. ಜೋಡಣೆ ಸೋರದಂತೆ ನಡುವೆ ಕೂರಿಸುವ ಆ ಬಳೆ, ಗ್ಯಾಸ್ಕೆಟ್ಟು, ಅವನ ಕೈಯಲ್ಲೇ ಇತ್ತು.

ಎಷ್ಟು ಹೊತ್ತಾದರೂ ಬಾರದಿದ್ದಾಗ ಹುಡುಕಿಕೊಂಡು ಹೋದಳು. ಚಿಪ್ಪಿನ ರಾಶಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ನನ್ ಕೈಲಿ ಆಗಲ್ಲ ಕಣೇ" ಎಂದ. "ಕಾಲು ಏಳ್ತಿಲ್ಲ."

ಅವಳು ಪಕ್ಕದಲ್ಲಿ ಕೂತಳು. ಅವನನ್ನು ಹಾಗೆ ಎಂದೂ ನೋಡಿರಲಿಲ್ಲ.

"ನಾನು ಹೋಯ್ತೀನಿ" ಎಂದಳು. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದಳು.

"ಹುಚ್ಚಾ ನಿಂಗೆ?"

"ಸಂದೀಲಿ ಹಿಡಿಯೋಳು ನಾನೇ ತಾನೆ. ಬೋಲ್ಟ್ ಬಿಗಿಯೋದು ನಂಗೂ ಗೊತ್ತು."

ಅವನು ಬೇಡ ಎಂದ. ಜಗಳವಾಯಿತು. ಆದರೆ ಅವಳನ್ನು ತಡೆದದ್ದು ಗಂಡನ ಮಾತಲ್ಲ. ಬಾಯ್ಲರಿಗೆ ಹೊಸದಾಗಿ ಬಂದಿದ್ದ ಈರಣ್ಣ. ಕೆಲಸ ಬಲ್ಲವನೇ, ಸರ್ಟಿಫಿಕೇಟೂ ಇತ್ತು. ಟ್ಯಾಂಕಿನ ಕಟ್ಟೆಗೆ ಕಾಲು ಕೊಟ್ಟು ಮೊಬೈಲು ನೋಡುತ್ತ ಕೂರುತ್ತಿದ್ದ. "ಆ ವಾಲ್ವ್ ಪೂರ್ತಿ ಮುಚ್ಚಿದ್ಯಾ?" ಎಂದು ಕೇಳಿದರೆ, ತಲೆ ಎತ್ತದೆ, "ಏನೂ ಆಗಲ್ಲ ಬುಡಕ್ಕ" ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಗಂಗಲಕ್ಷ್ಮಿ ತಾನೇ ಹೋಗಿ ವಾಲ್ವ್ ತಿರುವಿ ನೋಡುತ್ತಿದ್ದಳು. ತಾನು ಒಳಗಿರುವಾಗ ಈ ಮನುಷ್ಯ ಹೊರಗಿರುತ್ತಾನೆ ಎನ್ನುವುದನ್ನು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ.

ಒಂದು ದಿನ ಗಂಡನಿಗೂ ಹೇಳದೆ ಮಾಯಸಂದ್ರದ ಬಸ್ಸು ಹತ್ತಿದಳು. ಮಲ್ಲೇಶ ಭಾವಮೈದುನನ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬಿಗೆ ಪಟ್ಟಿ ಹಚ್ಚುತ್ತಿದ್ದ. ಅವಳನ್ನು ಕಂಡವನೇ ಎದ್ದು ನಿಂತ. ಮುಖ ಇಳಿದುಹೋಯಿತು. ಬೈಯಿಸಿಕೊಳ್ಳಲು ಸಿದ್ಧನಾದವನಂತೆ ಕೈ ಕಟ್ಟಿಕೊಂಡ.

"ಅಣ್ಣ ಹೆಂಗವ್ರೆ ಅಕ್ಕ?"

"ಬದ್ಕವ್ರೆ."

"ದಿನಾ ಬರಾನ ಅಂದ್ಕತೀನಿ ಅಕ್ಕ. ಬಸ್‌ಸ್ಟಾಂಡ್‌ಗಂಟ ಬಂದು ವಾಪಸ್ ಹೋಗ್ತೀನಿ. ಏನ್ ಮುಖ ಇಟ್ಕಂಡು ಬರ್ಲಿ?"

"ಈಗ ಬಾ. ಬಾಯ್ಲರ್‌ಗೆ ಬಾ."

ಮಲ್ಲೇಶನಿಗೆ ಅರ್ಥವಾಗಲಿಲ್ಲ. "ನನ್ ಕೈಲಿ ಆಗಲ್ಲ ಅಕ್ಕ. ವಾಲ್ವ್ ಕಂಡ್ರೆ ಕೈ ನಡುಗ್ತದೆ. ನೆಟ್ಟಗೆ ನಿದ್ದೆ ಮಾಡಿ ಎಷ್ಟೋ ದಿನ ಆಯ್ತು. ಇನ್ಯಾರಾದ್ರೂ ಧೈರ್ಯ ಇರೋನ್ನ ನೋಡ್ಕಳಿ."

"ಧೈರ್ಯ ಇರೋನು ಒಬ್ಬ ಅವ್ನೆ ಕಣಪ್ಪ. ಅವ್ನ ಕಂಡ್ರೇ ನಂಗೆ ಭಯ. ನಾನು ಒಳಕ್ಕೆ ಹೋಯ್ತಿರೋದು. ಹೊರಗಡೆ ಕೈ ನಡುಗೋನೇ ಬೇಕು ನಂಗೆ."

ಅವನು ತುಂಬ ಹೊತ್ತು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತ ಕೂತ. ಅವಳು ಕೋಪದಿಂದಲೂ ಬಂದಿರಲಿಲ್ಲ, ಕ್ಷಮಿಸಲೂ ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ಗಂಡ ನರಳುವಾಗ ಈ ಮಲ್ಲೇಶನನ್ನು ಮನಸ್ಸಿನಲ್ಲೇ ಎಷ್ಟು ಸಲ ಶಪಿಸಿದ್ದಳೋ. ಆ ಸಿಟ್ಟು ಪೂರ್ತಿ ಹೋಗಿತ್ತು ಎಂದೂ ಅಲ್ಲ. ಅವನ ಅಂಗೈಯ ಮೇಲಿನ ನುಣ್ಣನೆಯ ಕಲೆಗಳನ್ನು ನೋಡುತ್ತ ಕಾದಳು.

"ಅಣ್ಣ ಒಪ್ತಾರಾ?" ಎಂದು ಕೇಳಿದ ಕೊನೆಗೆ.

"ಅವ್ರನ್ನ ನಾನು ಒಪ್ಪಿಸ್ತೀನಿ."

ರಂಗರಾಜು ಒಪ್ಪಲು ಅವಳು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಮಲ್ಲೇಶ ಬಂದು ಬಾಗಿಲಲ್ಲಿ ನಿಂತಾಗ ಅವನನ್ನು ಮೇಲಿಂದ ಕೆಳಗೆ ನೋಡಿ, "ಕಾಲು ಹಿಡಿದು ಎಳೆದೋನು ನೀನೇ ಅಲ್ವೇನ್ಲಾ? ನನ್ ಮಂಡಿ ಇನ್ನೂ ನೋಯ್ತದೆ ಕಣ್ಲಾ" ಎಂದ. ಮಲ್ಲೇಶ ಅತ್ತುಬಿಟ್ಟ. ಏಕಾಂತಯ್ಯನವರು ಈರಣ್ಣನನ್ನು ಕೊಬ್ಬರಿ ಗೋದಾಮಿನ ಲಾರಿಗೆ ಹಾಕಿದರು.

ಕೆಲಸದ ದಿನ ಮೂವರೂ ಬೆಳಗ್ಗೆಯೇ ಬಂದರು. ಗಂಗಲಕ್ಷ್ಮಿ ಮೊದಲನೇ ಚೇಂಬರನ್ನೂ ಆರಿಸಲು ಹೇಳಿದಳು. ಸಾವ್ಕಾರರು ಫೋನಿನಲ್ಲೇ "ಆರ್ಸಿ" ಎಂದರು. ಹಬೆ ಬರುವ ಕಡೆಗೆ ಬಿಲ್ಲೆ, ವಾಪಸ್ ಹೋಗುವ ಕಡೆಗೂ ಬಿಲ್ಲೆ. ಮಲ್ಲೇಶ ಪ್ರತಿ ವಾಲ್ವನ್ನೂ ಮುಟ್ಟಿ, ಹೆಸರು ಹೇಳಿ, ಮತ್ತೆ ತಿರುಗಿ ಬಂದು ಮುಟ್ಟಿದ. ರಂಗರಾಜು ಪೈಪಿನ ಪಕ್ಕ ನೆಲದ ಮೇಲೆ ಕೂತ. ಸುಡುತ್ತದೆಯೇ ಎಂದು ಅದರ ಮೇಲೆ ಬಲಗೈ ಇಟ್ಟವನು ತೆಗೆಯಲೇ ಇಲ್ಲ.

ಗಂಗಲಕ್ಷ್ಮಿ ಸೀರೆಯ ಮೇಲೆ ಗಂಡನ ಹಳೆಯ ಶರ್ಟು ಹಾಕಿ, ನೆರಿಗೆ ಎತ್ತಿಕಟ್ಟಿ, ಒಳಗೆ ತೆವಳಿದಳು. ಹಳೆಯ ಮರದ ಹುಳಿವಾಸನೆ. ಗೋಡೆ ಎದೆಗೆ ಒತ್ತಿದಂತಾಗಿ ವಾಪಸ್ ಬಂದುಬಿಡೋಣ ಎನಿಸಿತು. ಆದರೆ ಟಾರ್ಚಿನ ಬೆಳಕು ಆ ಜೋಡಣೆಯ ಮೇಲೆ ಬಿದ್ದಾಗ ಕೈಗೆ ಕೆಲಸ ಸಿಕ್ಕಿತು. ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಕೆರೆದು ತೆಗೆದಳು, ಒರೆಸಿದಳು, ಹೊಸದನ್ನು ಕೂರಿಸಿದಳು. ಎದುರುಬದುರು ಬೋಲ್ಟುಗಳನ್ನು ಒಂದೊಂದಾಗಿ ಸಮನಾಗಿ ಬಿಗಿದಳು. ಇಲ್ಲಿ ಹೆದರುವುದಕ್ಕೆ ಪುರುಸೊತ್ತೇ ಇಲ್ಲವಲ್ಲ ಎಂದು ಆಶ್ಚರ್ಯವಾಯಿತು. ಹೊರಗೆ ಕೂತು ಕಾದ ವರ್ಷಗಳೇ ಇದಕ್ಕಿಂತ ಕಷ್ಟವಿದ್ದವು.

"ಲಕ್ಷ್ಮೀ!" ಎಂದು ಹೊರಗಿಂದ ಕೂಗು ಬಂತು.

"ಇದೀನಿ ರೀ."

ನಾಲ್ಕು ಸಲ ಸ್ಪ್ಯಾನರ್ ತಿರುವುವಷ್ಟರಲ್ಲಿ ಮತ್ತೆ, "ಲಕ್ಷ್ಮೀ! ಏನಾಯ್ತೇ?"

"ಏನೂ ಆಗಿಲ್ಲ ಕಣ್ರೀ, ಕೆಲಸ ಮಾಡಾಕ್ ಬುಡಿ!"

ಅವಳು ಹೊರಬಂದಾಗ ರಂಗರಾಜು ಶರ್ಟು ಬೆನ್ನಿಗೆ ಅಂಟುವಷ್ಟು ಬೆವತಿದ್ದ. "ಒಂದ್ಸಲ ಉತ್ರನೇ ಕೊಡ್ಲಿಲ್ಲ ನೀನು" ಎಂದು ಎಲ್ಲರೆದುರೇ ರೇಗಿದ. ಅವಳು ಜಗಳಕ್ಕೆ ನಿಲ್ಲಲಿಲ್ಲ. ನೀರು ಕೇಳಿ ಕುಡಿದಳು.

ಮಧ್ಯಾಹ್ನದ ಊಟ ಮುಗಿಸಿ ಬಿಲ್ಲೆಗಳನ್ನು ತೆಗೆದರು. ಮಲ್ಲೇಶ ಬಾಯ್ಲರಿಗೆ ಚಿಪ್ಪು ಹಾಕಿ ಉರಿ ಏರಿಸಿದ. ಒತ್ತಡ ಬಂದ ಮೇಲೆ ವಾಲ್ವಿನ ಮುಂದೆ ನಿಂತು ಗಂಗಲಕ್ಷ್ಮಿಯ ಮುಖ ನೋಡಿದ. ಅವಳು ತಲೆಯಾಡಿಸಿದಳು. ಒಮ್ಮೆಲೇ ತೆಗೆಯಲಿಲ್ಲ ಅವನು. ಕೂದಲೆಳೆಯಷ್ಟು ತಿರುವಿ ನಿಲ್ಲಿಸಿದ. ತಣ್ಣಗಿದ್ದ ಪೈಪಿನೊಳಗೆ ಸಣ್ಣಗೆ ಸುಯ್ ಎಂದು ಸದ್ದೆದ್ದಿತು. ಕಬ್ಬಿಣ ಬಿಸಿಯಾಗಿ ಅಲ್ಲಲ್ಲಿ ಚಟಚಟ ಎಂದಿತು. ಮೂವರೂ ಪೈಪಿಗೆ ಕಿವಿಗೊಟ್ಟರು. ಸುತ್ತಿಗೆ ಹೊಡೆದಂಥ ಆ ಸದ್ದು ಬರಲಿಲ್ಲ. ಮಲ್ಲೇಶ ಇನ್ನಷ್ಟು ತಿರುವಿದ. ಬಾಗಿಲಿಂದ ಟಾರ್ಚು ಬಿಟ್ಟು ನೋಡಿದರೆ ಹೊಸ ಗ್ಯಾಸ್ಕೆಟ್ಟಿನ ಸುತ್ತ ಒಣಗಿಯೇ ಇತ್ತು.

"ನಿಂತ್ಕತಾ?" ಎಂದ ರಂಗರಾಜು. ಅವನ ದನಿ ಸಣ್ಣಗಾಗಿತ್ತು.

"ಇನ್ನೊಂದ್ ಗಳಿಗೆ ನೋಡಾನ ತಡೀರಿ" ಎಂದಳು ಗಂಗಲಕ್ಷ್ಮಿ.

ಹೊರಗೆ ಹಲಗೆ ತುಂಬಿದ ಟ್ರಾಕ್ಟರು ಬಂದು ನಿಂತು ಹಾರ್ನ್ ಹೊಡೆಯುತ್ತಿತ್ತು. ಆಳುಗಳು ಇಳಿಸುವುದೆಲ್ಲಿಗೆ ಎಂದು ಕೂಗಿ ಕೇಳುತ್ತಿದ್ದರು. ಮೂವರೂ ಬಾಗಿಲಲ್ಲಿ ಬಗ್ಗಿ, ಒಬ್ಬರ ಭುಜಕ್ಕೆ ಒಬ್ಬರು ಆನಿಕೊಂಡು, ಆ ಒಣ ಕಬ್ಬಿಣವನ್ನೇ ನೋಡುತ್ತ ನಿಂತರು.